ಹಸಿರು ಬಳೆ ಏರದ ದಿನ

ಮಗಳು ಚೊಚ್ಚಲ ಹೆರಿಗೆಗೆ ರಾಮದುರ್ಗದಿಂದ ಬಂದಾಗ ಏನೇನು ಕೆಡಬಹುದೆಂದು ನಾನು ಮೊದಲೇ ಯೋಚಿಸಿಟ್ಟಿದ್ದೆ. ನಮ್ಮ ಹೊಸ ಬಡಾವಣೆ ಸಿಗದೆ ಆಂಬುಲೆನ್ಸ್ ನೇರ ಮುಂದಿನ ಊರಾದ ದೊಡವಾಡಕ್ಕೆ ಹೋಗಿಬಿಡಬಹುದು. ಗಟಾರಕ್ಕೆಂದು ತೋಡಿದ ತಗ್ಗಿಗೆ ಅದರ ಚಕ್ರ ಇಳಿಯಬಹುದು. ಡಾಕ್ಟರು ರಜೆಯ ಮೇಲಿರಬಹುದು, ಕರೆಂಟು ಹೋಗಬಹುದು, ರಕ್ತ ಸಿಗದಿರಬಹುದು, ಸಿಕ್ಕ ರಕ್ತ ಬೇರೆ ಗುಂಪಿನದಾಗಿರಬಹುದು, ಕೂಸು ಅದಲುಬದಲಾಗಬಹುದು. ಕೊನೆಗೆ ಎಲ್ಲ ಸರಿಹೋಗಿ, ಆ ಖುಷಿಗೆ ನನ್ನ ಎದೆಯೇ ನಿಂತುಬಿಡಬಹುದು. ನಾನು ಬೈಲಹೊಂಗಲದ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್. ಬಾರದ ಬಸ್ಸಿನ ಚಿಂತೆ ಮಾಡುವುದೇ ನನ್ನ ನೌಕರಿ. ಮನೆಗೆ ಬಂದ ಮೇಲೂ ಡ್ಯೂಟಿ ಮುಗಿಯುವುದಿಲ್ಲ.

ಇಂಥ ದಿನಗಳಲ್ಲಿ ಒಂದು ಬೆಳಿಗ್ಗೆ ಗೇಟಿನ ಬಳಿ ಗುಲಾಬಿ ಸೀರೆಯೊಂದು ಬಂದು ನಿಂತಿತು. ಅಂಚಿಗೆ ಗೇಣುದ್ದ ಎರೆಮಣ್ಣು ಮೆತ್ತಿ ಒಣಗಿತ್ತು. ಆಶಾ ಕಾರ್ಯಕರ್ತೆ. ಒಳಗೆ ಕರೆದರೆ ಬರಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಕುಡಿಯಲು ನೀರು ಕೇಳಿದರು. ಮಗಳು ತಂದುಕೊಟ್ಟಳು. ಅವರು ಚೊಂಬು ನೋಡಲಿಲ್ಲ, ಮಗಳ ಪಾದ ನೋಡಿದರು. ಆಮೇಲೆ ಕಣ್ಣಿನ ಕೆಳರೆಪ್ಪೆ.

ಅದು ಅವರ ಪದ್ಧತಿ. ಮನೆಯಲ್ಲಿ ಬಸುರಿ ಇದ್ದಾಳೆಯೇ ಎಂದು ಹೊರಗಿನವರು ನೇರವಾಗಿ ಕೇಳಿದರೆ ನಮ್ಮ ಕಡೆಯ ಹಿರಿಯ ಹೆಂಗಸರಿಗೆ ಸೇರುವುದಿಲ್ಲ, ದೃಷ್ಟಿಯಾದೀತೆಂಬ ಭಯ. ನೀರು ಕೇಳಿದರೆ ಮಾತ್ರ ಯಾರೂ ಇಲ್ಲವೆನ್ನುವುದಿಲ್ಲ. ತಂದುಕೊಡುವವಳು ಹೆಚ್ಚಾಗಿ ಸೊಸೆಯೋ ಮಗಳೋ ಆಗಿರುತ್ತಾಳೆ. ಹಾಗೆ ಮನೆಮನೆಯ ನೀರು ಕುಡಿದೇ ಅವರು ಬಡಾವಣೆಯ ಬಸುರಿಯರನ್ನೆಲ್ಲ ಪತ್ತೆ ಹಚ್ಚಿದ್ದರು.

ನಿಜ ಹೇಳಬೇಕೆಂದರೆ ನಮ್ಮ ಬಡಾವಣೆ ಅವರ ಪಾಲಿನದೇ ಅಲ್ಲ. ಜೋಳದ ಹೊಲ ಪ್ಲಾಟುಗಳಾದ ಮೇಲೆ ಹಳ್ಳಿಯವರು ಇದು ಪಟ್ಟಣಕ್ಕೆ ಸೇರಿದ್ದೆಂದರು, ಪಟ್ಟಣದವರು ಹಳ್ಳಿಗೆ ಸೇರಿದ್ದೆಂದರು. ಬಾಡಿಗೆಗೆ ಬಂದವರು, ಗೌಂಡಿ ಕೆಲಸಕ್ಕೆ ಬಂದು ಶೆಡ್ಡು ಹಾಕಿಕೊಂಡವರು, ನನ್ನ ಮಗಳಂತೆ ತವರಿಗೆ ಬಂದವರು, ಇವರು ಯಾರ ಲೆಕ್ಕಕ್ಕೂ ಇರಲಿಲ್ಲ. ಮಗಳ ತಾಯಿ ಕಾರ್ಡಂತೂ ರಾಮದುರ್ಗದ ಅತ್ತೆಮನೆಯ ಕಪಾಟಿನಲ್ಲಿ ಭದ್ರವಾಗಿತ್ತು. ಹಳ್ಳದ ಆಚೆಗೇ ಮುಗಿಯುವ ತಮ್ಮ ಗಡಿ ದಾಟಿ ಈಕೆ ಯಾಕೆ ಬರುತ್ತಾರೆ? ಅನುಮಾನದ ಪ್ರಾಣಿಯಾದ ನಾನು ಕೇಳಿಯೇಬಿಟ್ಟೆ.

“ಮೊದ್ಲ ಇಲ್ಲಿ ಜ್ವಾಳ ಇತ್ರಿ, ಬರತಿದ್ದಿಲ್ಲ. ಈಗ ಬಸರ ಹೆಣ್ಮಕ್ಕಳ ಅದಾರ, ಬರತೇನಿ,” ಎಂದು ಚೊಂಬು ಕೆಳಗಿಟ್ಟರು.

ಅಂದಿನಿಂದ ಅವರು ಬಂದಾಗಲೆಲ್ಲ ನಾನು ಪ್ರಶ್ನೆಗಳ ಗಂಟು ಬಿಚ್ಚುತ್ತಿದ್ದೆ. ಕೂಸು ಕಡಿಮೆ ಒದೆಯುತ್ತಿದೆಯಲ್ಲ, ಹೆಚ್ಚು ಒದೆಯುತ್ತಿದೆಯಲ್ಲ, ಒಂದೇ ಕಡೆ ಒದೆಯುತ್ತಿದೆಯಲ್ಲ. ಒಂದು ದಿನ ಅವರು ಚೀಲ ಹೆಗಲಿಗೇರಿಸುತ್ತ, “ಸಾಹೇಬ್ರ, ಹಡಿಯಾಕಿ ನಿಮ್ಮ ಮಗಳು. ನೀವು ಸ್ವಲ್ಪ ಉಸರ ತಗೋರಿ,” ಎಂದರು. ಹೆಂಡತಿ ಆ ಮಾತನ್ನು ಬಂಧುಬಳಗಕ್ಕೆಲ್ಲ ಫೋನಿನಲ್ಲಿ ಹಂಚಿದಳು.

ಒಂಬತ್ತನೇ ತಿಂಗಳಲ್ಲಿ ಕುಬಸ, ಅಂದರೆ ಸೀಮಂತ, ಮಾಡಿದೆವು. ಹೆಂಡತಿ ಆಶಾ ಅಕ್ಕನನ್ನೂ ಕರೆದಿದ್ದಳು. ಹಸಿರು ಸೀರೆ ಉಟ್ಟು ಮಣೆಯ ಮೇಲೆ ಕುಳಿತ ಮಗಳಿಗೆ ಬಳೆ ಇಡಿಸಲು ಪೇಟೆಯಿಂದ ಬಳೆಗಾರ ಚಾಚಿ ಬಂದಿದ್ದಳು. ಮೊದಲ ಬಳೆ ಗೆಣ್ಣಿನ ಹತ್ತಿರವೇ ನಿಂತಿತು. ಮೂರು ವಾರದ ಹಿಂದೆ ತಾನೇ ಇಡಿಸಿದ ಅಳತೆ, ಈಗೇಕೆ ಏರುತ್ತಿಲ್ಲವೆಂದು ಚಾಚಿ ದೊಡ್ಡ ಅಳತೆ ಹುಡುಕತೊಡಗಿದಳು. ತವರಿನ ತುಪ್ಪ ನೇರ ಕೈಗೇ ಇಳಿದಿದೆ ಎಂದು ಹೆಂಗಸರು ನಕ್ಕರು. ಮಗಳು ದುಂಡಗಾಗಿದ್ದಾಳೆಂಬ ಹೆಮ್ಮೆಯಿಂದ ಎಲ್ಲರಿಗಿಂತ ಜೋರಾಗಿ ನಕ್ಕವನು ನಾನು. ನನ್ನ ಚಿಂತೆಗಳ ಸಾಲಿನಲ್ಲಿ ಬಳೆ ಇರಲಿಲ್ಲ.

ಆಶಾ ಅಕ್ಕ ನಗಲಿಲ್ಲ. ಗೋಡೆಯ ಪಕ್ಕದಿಂದ ಎದ್ದು ಬಂದು, ಮಗಳ ಸೀರೆಯಂಚು ತುಸು ಸರಿಸಿ, ಮೊಳಕಾಲಿನ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳು ಒತ್ತಿದರು. ಬೆರಳು ತೆಗೆದ ಮೇಲೂ ಕುಳಿ ಹಾಗೇ ಉಳಿಯಿತು. ತಲೆ ನೋಯುತ್ತದೆಯೇ ಎಂದು ಮೆಲ್ಲಗೆ ಕೇಳಿದರು. ನಿನ್ನೆಯಿಂದ ನೋಯುತ್ತಿತ್ತಂತೆ, ಕಣ್ಣೆದುರು ಮಿಂಚುಹುಳ ಹಾರಿದಂತೆಯೂ ಆಗುತ್ತಿತ್ತಂತೆ. ಯಾರಿಗೂ ಯಾಕೆ ಹೇಳಲಿಲ್ಲ ಎಂದರೆ, ಅಪ್ಪ ಗಾಬರಿಯಾಗುತ್ತಾನೆಂದು.

ತಕ್ಷಣ ದವಾಖಾನೆಗೆ ಹೋಗಬೇಕೆಂದರು. ಉಡಿ ತುಂಬದೆ ಬಸುರಿಯನ್ನು ಮಣೆಯಿಂದ ಎಬ್ಬಿಸುವುದುಂಟೇ ಎಂದು ನಮ್ಮ ಬೀಗಿತ್ತಿ ಅಡ್ಡ ನಿಂತರು.

“ಉಡಿ ದವಾಖಾನ್ಯಾಗ ತುಂಬೂಣ್ರಿ ಅಕ್ಕಾರ. ಬೀಪಿ ಏರೇತಿ ಅಂತ ನನಗ ಅನಸಾಕತ್ತೇತಿ. ಇಲ್ಲೇ ಕುಂತ್ರ, ನಾಳೆ ಉಡಿ ತುಂಬಾಕ ಈಕಿನ ಇರೂದಿಲ್ಲ.”

ಶುಭಕಾರ್ಯದ ಮನೆಯಲ್ಲಿ ಅಂಥ ಮಾತು ಯಾರೂ ಆಡುವುದಿಲ್ಲ. ಬೀಗಿತ್ತಿ ಪಕ್ಕಕ್ಕೆ ಸರಿದರು. ನಾನು ಮೂವರು ಡ್ರೈವರುಗಳ ನಂಬರು ಬರೆದು ಗೋಡೆಗೆ ಅಂಟಿಸಿದ್ದೆ. ಒಬ್ಬರಿಗೂ ಫೋನು ಮಾಡುವುದು ಹೊಳೆಯಲಿಲ್ಲ. ಅಡುಗೆಯ ಪಾತ್ರೆ ತಂದಿದ್ದ ಆಟೋದಲ್ಲೇ ಆಶಾ ಅಕ್ಕ ಮಗಳನ್ನು ಕೂರಿಸಿಕೊಂಡು ಹೋದರು. ನಾನು ಆರತಿ ತಟ್ಟೆ ಹಿಡಿದು ನಿಂತೇ ಇದ್ದೆನಂತೆ.

ಬೀಪಿ ಏರಿತ್ತು. ಇನ್ನೂ ತಡವಾಗಿದ್ದರೆ ಫಿಟ್ಸ್ ಬಂದು ತಾಯಿ, ಕೂಸು ಇಬ್ಬರಿಗೂ ಅಪಾಯವಿತ್ತೆಂದು ಡಾಕ್ಟರು ಹೇಳಿದರು. ಅಲ್ಲೇ ಇಟ್ಟುಕೊಂಡು ಎರಡು ವಾರಕ್ಕೆ ಹೆರಿಗೆ ಮಾಡಿಸಿದರು. ಅದಕ್ಕೆ ಮೊದಲೇ ಬೀಗಿತ್ತಿ ದವಾಖಾನೆಯ ಮಂಚದ ಮೇಲೇ ಉಡಿ ತುಂಬಿದ್ದರು. ಹೆಣ್ಣು ಕೂಸು. ಅದಲುಬದಲಾಗಿಲ್ಲ, ಮೂಗು ನನ್ನದೇ, ಪಾಪ.

ಹೆಸರಿಡುವ ದಿನಕ್ಕೆ ಹೆಂಡತಿ ಯಾರನ್ನಾದರೂ ಮರೆತಾಳೆಂಬ ಭಯದಿಂದ ಕರೆಯುವ ಕೆಲಸ ನಾನೇ ವಹಿಸಿಕೊಂಡೆ. ಸವದತ್ತಿಯ ಷಡ್ಡಕನಿಂದ ಹಿಡಿದು ಪ್ಲಾಟು ಕೊಡಿಸಿದ ದಲ್ಲಾಳಿಯವರೆಗೆ ಎಲ್ಲರಿಗೂ ಎರಡೆರಡು ಸಲ ಫೋನು ಮಾಡಿದೆ. ಎಲ್ಲರೂ ಬಂದರು, ಉಂಡರು, ಏನೂ ಕೆಡಲಿಲ್ಲವೆಂದು ಅಂದು ನೆಮ್ಮದಿಯಾಗಿ ಮಲಗಿದೆ.

ಎರಡು ದಿನ ಬಿಟ್ಟು ಆಶಾ ಅಕ್ಕ ಎಂದಿನಂತೆ ಬಂದರು. ಕೈ ತೊಳೆದುಕೊಂಡು, ಕೂಸನ್ನು ಬಟ್ಟೆಯ ಜೋಳಿಗೆಯಲ್ಲಿ ತೂಗಿ, ತೂಕ ಹೆಚ್ಚಿದೆಯೆಂದು ಮಗಳಿಗೆ ತೋರಿಸಿದರು. ಆಮೇಲೆ ಬೀಗಿತ್ತಿ ರಾಮದುರ್ಗದಿಂದ ತಂದುಕೊಟ್ಟಿದ್ದ ತಾಯಿ ಕಾರ್ಡು ತೆರೆದು, ಪೆನ್ನು ಹಿಡಿದು, ನನ್ನ ಕಡೆ ನೋಡಿದರು.

“ಕೂಸಿನ ಹೆಸರ ಏನ ಇಟ್ರಿ, ಸಾಹೇಬ್ರ?”

ದನಿಯಲ್ಲಿ ದೂರಿನ ಎಳೆಯೂ ಇರಲಿಲ್ಲ. ಬೈಲಹೊಂಗಲದಿಂದ ರಾಮದುರ್ಗದ ತನಕ ಎಲ್ಲರಿಗೂ ಗೊತ್ತಿದ್ದ ಆ ಹೆಸರನ್ನು ಅವರಿಗೆ ಹೇಳಿದೆ.