ಕಾಶಿಯಲ್ಲಿ ಬಿಟ್ಟ ಹಾಲು

ಬಾಳೆಲೆ ಸೀದ ವಾಸನೆ ಬಂದರೆ ನನಗೆ ಇವತ್ತಿಗೂ ಕೂತಲ್ಲಿ ಕೂರಲಾಗುವುದಿಲ್ಲ. ಎದ್ದು ಹೋಗಿ ಯಾರನ್ನೋ ನೋಡಿ ಬರಬೇಕು, ಮೂಗಿನ ಹತ್ತಿರ ಬೆರಳಿಟ್ಟು ಉಸಿರಿದೆಯೇ ಎಂದು ಪರೀಕ್ಷಿಸಬೇಕು ಎಂದು ಜೀವ ಚಡಪಡಿಸುತ್ತದೆ. ನೋಡಿ ಬರಲು ಈಗ ಮನೆಯಲ್ಲಿ ಯಾರೂ ಇಲ್ಲ. ಈ ವಯಸ್ಸಿನಲ್ಲಿ ಡಾಕ್ಟರು ನನಗೆ ಹಾಲು ಬೇಡ, ಹುದುಗು ಬರಿಸಿದ್ದೂ ಬೇಡ ಎಂದು ಅಪ್ಪಣೆ ಮಾಡಿದ್ದಾರೆ. ಹಾಲೂ ಯೀಸ್ಟೂ ಇಲ್ಲದ ಬ್ರೆಡ್ ಸಿಕ್ಕೀತೇ ಎಂದು ಕುಮಟೆಯ ಬೇಕರಿಗಳನ್ನೆಲ್ಲ ಸುತ್ತಿದೆ. ಒಂದು ಕಡೆ ಗಲ್ಲಾದಲ್ಲಿದ್ದವನು, "ಹಾಂಗಾದ್ರೆ ಬ್ರೆಡ್ ಎಂತಕ್ಕೆ ಅಮ್ಮಾ? ಚಪಾತಿ ತಿನ್ನಿ," ಎಂದು ನಕ್ಕ. ಸಿಟ್ಟು ಬಂತು. ಮನೆಗೆ ಬಂದು ಗೋಧಿಹಿಟ್ಟು ಕಲಸಿ, ಬಾಳೆಲೆಯ ಮೇಲೆ ತಟ್ಟಿ, ಒಲೆಗಿಟ್ಟೆ. ಎಲೆಯ ಅಂಚು ಸೀದದ್ದೇ ತಡ, ಹೊನ್ನಾವರದ ನಮ್ಮ ಮನೆ, ಹೊಗೆ ತಿಂದು ಕಪ್ಪಾದ ಅದರ ಅಡಿಗೆಕೋಣೆ, ಅದರ ಪಕ್ಕದ ಕತ್ತಲೆ ಕೋಣೆಯಲ್ಲಿ ಚಾಪೆಯ ಮೇಲೆ ಹೊರಳುತ್ತಿದ್ದ ಆಯಿ, ಎಲ್ಲ ಎದುರಿಗೆ ಬಂದವು. ಆ ಮನೆ ರಸ್ತೆ ಅಗಲ ಮಾಡುವಾಗ ಹೋಯಿತು. ಈಗ ಅಲ್ಲಿ ಲಾರಿಗಳು ಓಡುತ್ತವೆ.

ಆಯಿ ಎಂದರೆ ಅಪ್ಪನ ತಾಯಿ. ಅಪ್ಪ ಕರೆದಂತೆ ನಾವೂ ಕರೆಯುತ್ತಿದ್ದೆವು. ಅಜ್ಜ ತೀರಿಕೊಂಡ ಮೇಲೆ ಅವರ ಅಸ್ಥಿ ಹಿಡಿದುಕೊಂಡು ಅವಳು ಕಾಶಿಗೆ ಹೋಗಿದ್ದಳು. ಕಾಶಿಗೆ ಹೋದವರು ತಮಗೆ ಪ್ರಿಯವಾದ ಒಂದು ತಿನಿಸನ್ನು ಅಲ್ಲಿ ಬಿಟ್ಟು ಬರಬೇಕು, ಮತ್ತೆ ಜೀವ ಇರುವ ತನಕ ಅದನ್ನು ಮುಟ್ಟಬಾರದು. ಜಾಣರು ಹಾಗಲಕಾಯಿಯನ್ನೋ ಸುವರ್ಣಗಡ್ಡೆಯನ್ನೋ ಬಿಟ್ಟು, ಪುಣ್ಯವನ್ನೂ ಕಟ್ಟಿಕೊಂಡು ನಾಲಿಗೆಯನ್ನೂ ಉಳಿಸಿಕೊಂಡು ಬರುತ್ತಿದ್ದರು. ಆಯಿ ಹಾಲು ಬಿಟ್ಟು ಬಂದಳು. ಕೆನೆಗಟ್ಟಿದ ಬಿಸಿ ಹಾಲೆಂದರೆ ಪ್ರಾಣ ಬಿಡುತ್ತಿದ್ದವಳು. ಹಾಲು ಹೋದ ಮೇಲೆ ಮೊಸರು, ಮಜ್ಜಿಗೆ, ತುಪ್ಪವೂ ಹೋದವು. ನಮಗೆ ಹಾಲು ಕಾಯಿಸಿ ಕೊಡುವಾಗ ಮಾತ್ರ ಪಾತ್ರೆಯ ಮೇಲೆ ಬಗ್ಗಿ, ಹಬೆ ಮುಖಕ್ಕೆ ತಾಗುವಷ್ಟು ಹೊತ್ತು ಸುಮ್ಮನೆ ನಿಂತಿರುತ್ತಿದ್ದಳು. ಅದಕ್ಕೆ ಹರಕೆಯಲ್ಲಿ ಅಡ್ಡಿ ಇರಲಿಲ್ಲವೆಂದು ತೋರುತ್ತದೆ.

ಅರವತ್ತರ ದಶಕದ ಮೊದಲ ವರ್ಷಗಳು. ನನಗೆ ಒಂಬತ್ತೋ ಹತ್ತೋ ವಯಸ್ಸು. ಆ ಮಳೆಗಾಲದ ಕೊನೆಗೆ ಆಯಿಗೆ ವಿಷಮಶೀತಜ್ವರ ಬಂತು. ಗಂಜಿತಿಳಿ, ಬಾರ್ಲಿ ನೀರು ಬಾಯಿಗೆ ಹಿಡಿದರೆ ಮುಖ ತಿರುಗಿಸುತ್ತಿದ್ದಳು. ಕೈಕಾಲು ಕಡ್ಡಿಯಾದವು. ಕುಮಟೆಯಿಂದ ಬಂದ ಡಾಕ್ಟರು, "ಹೊಟ್ಟೆಗೆ ಏನಾದರೂ ಹೋಗಲೇಬೇಕು. ಅನ್ನ ಬೇಡ, ಚಪಾತಿ ಭಾರ. ಹಾಲು ಬ್ರೆಡ್ಡು ಕೊಡಿ. ಇಲ್ಲದಿದ್ದರೆ ಜ್ವರ ಬಿಟ್ಟರೂ ಜೀವ ಉಳಿಯುವುದಿಲ್ಲ," ಎಂದು ಅಂಗಳದಲ್ಲಿ ನಿಂತು ಅಪ್ಪನಿಗೆ ಹೇಳಿದರು. ನಾನು ಕಂಬದ ಹಿಂದೆ ನಿಂತು ಕೇಳಿಸಿಕೊಂಡೆ. ಮೊದಲೇ ಕಾಲಿಗೆ ಚಕ್ರ ಕಟ್ಟಿಕೊಂಡವಳು ನಾನು. ಅಂದಿನಿಂದ ಒಂದು ಗಳಿಗೆ ಒಂದು ಕಡೆ ನಿಂತವಳಲ್ಲ; ಓಡಿಹೋಗಿ ಆಯಿಯ ಮೂಗಿನ ಹತ್ತಿರ ಬೆರಳಿಟ್ಟು ನೋಡಿ ಬರುತ್ತಿದ್ದೆ.

ಮಾರನೆಯ ದಿನ ಮಧ್ಯಾಹ್ನ ಜ್ವರದ ತಾಪದಲ್ಲಿ ಆಯಿ ಕಣ್ಣು ಮುಚ್ಚಿಕೊಂಡೇ ಹಾಲು ಕೇಳಿದಳು. "ಒಂದು ಲೋಟ ಹಾಲು ಕೊಡೇ, ಬಿಸಿ ಹಾಲು," ಎಂದು ಮಗುವಿನ ಹಾಗೆ ಕೇಳಿದಳು. ನಾನು ಓಡಿದೆ. ಹಿತ್ತಾಳೆ ಲೋಟದ ತುಂಬ ಹಾಲು ಹಿಡಿದು ಬರುವಷ್ಟರಲ್ಲಿ ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು. ಲೋಟ ಇಸಿದುಕೊಂಡು ಅಡಿಗೆಕೋಣೆಯ ಕಿಟಕಿಯಲ್ಲಿಟ್ಟಳು. ಅಪ್ಪನಿಗೆ ತಡೆಯಲಿಲ್ಲ. "ಅವಳಿಗೆ ಜ್ಞಾನ ಇಲ್ಲ ಈಗ. ಕೊಟ್ರೆ ಎಂತ ಆಗ್ತದೆ? ಗೊತ್ತಾಗೂದಿಲ್ಲ," ಎಂದ.

"ಅವರಿಗೆ ಗೊತ್ತಾಗೂದಿಲ್ಲ ಖರೆ. ನಮಗೆ ಗೊತ್ತಿಲ್ವಾ?" ಎಂದಳು ಅಮ್ಮ.

ಅಮ್ಮ ಗಂಡನಿಗೆ ಎದುರಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಆಯಿಯೇನು ಅವಳನ್ನು ಅಂಗೈಯಲ್ಲಿಟ್ಟು ಸಾಕಿದವಳಲ್ಲ. ಸಾರಿಗೆ ಉಪ್ಪು ಹೆಚ್ಚಾದರೆ ಅಮ್ಮನ ತವರಿನ ತನಕ ಬೈಯುತ್ತ ಹೋಗುತ್ತಿದ್ದವಳು. ಆದರೂ ಅಮ್ಮ ಆ ಹರಕೆಯನ್ನು ಕಾಯುತ್ತ ಬಾಗಿಲಲ್ಲೇ ನಿಂತಳು. ಒಳಗೆ ಆಯಿ ಹಾಲು ಹಾಲು ಎಂದು ನರಳುತ್ತಿದ್ದಳು. ಹೊರಗೆ ಅಪ್ಪ ಜಗಲಿಯ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದ. ನನಗೆ ಅಮ್ಮನ ಮೇಲೆ ಕೆಟ್ಟ ಸಿಟ್ಟು ಬಂತು.

ಹಾಲಿಲ್ಲವೆಂದರೆ ಬ್ರೆಡ್ಡಾದರೂ ಬೇಕಲ್ಲ. ಹೊನ್ನಾವರದಲ್ಲಿ ಕ್ರೈಸ್ತರ ಇಗರ್ಜಿಯ ಹಿಂದೆ ಒಂದು ಬೇಕರಿ ಇತ್ತು. ಆದರೆ ಅಲ್ಲಿಯ ಪಾವ್ ಉಬ್ಬುವುದು ಶೇಂದಿಯಿಂದ ಎಂದು ಊರಿಗೆಲ್ಲ ಗೊತ್ತು. ಸರ್ಕಾರ ಹೆಂಡ ಶೇಂದಿ ನಿಷೇಧಿಸಿದ್ದ ಕಾಲ ಅದು. ಆದರೂ ಪಾವ್ ಮಾತ್ರ ದಿನಾ ಉಬ್ಬಿಕೊಂಡೇ ಬರುತ್ತಿತ್ತು! ನಮ್ಮ ಮನೆಯೊಳಗೆ ಅದು ಎಂದೂ ಬಂದಿರಲಿಲ್ಲ. ಅಮ್ಮ ನನ್ನನ್ನು ಕರೆದುಕೊಂಡು ಹೋಗಿ ಬೇಕರಿಯ ಬಾಯಮ್ಮನನ್ನೇ ಕೇಳಿದಳು. ಆಕೆ ಅತ್ತಿತ್ತ ನೋಡಿ, "ಜೀವದ ಪ್ರಶ್ನೆ, ಸುಳ್ಳು ಹೇಳೂದಿಲ್ಲ ಬಾಯಿ. ಅದು ಇಲ್ದೆ ನಮ್ಮ ಪಾವ್ ಏಳೂದೇ ಇಲ್ಲ," ಎಂದಳು.

ಶರಾವತಿಗೆ ಆಗ ಸೇತುವೆ ಇರಲಿಲ್ಲ. ತಾರಿ ದೋಣಿಯಲ್ಲಿ ಹೊಳೆ ದಾಟಿ ಆಚೆ ದಡದಲ್ಲಿ ಬಸ್ಸು ಹಿಡಿಯಬೇಕು. ಆ ತಾರಿಕಟ್ಟೆಯಲ್ಲೇ ಗುಮಾಸ್ತನಾಗಿದ್ದ ಅಪ್ಪ ರಜೆ ಹಾಕಿ ಭಟ್ಕಳಕ್ಕೆ ಹೋದ. ಸಾಯಬರ ಬೇಕರಿಯಲ್ಲಿ ಶೇಂದಿ ಇರಲು ಸಾಧ್ಯವೇ ಇಲ್ಲ, ಅವರಿಗೂ ಅದು ನಿಷಿದ್ಧ. ಯಾರು ಮಾಡಿದ್ದೆಂದು ಆಯಿಗೆ ಹೇಳದಿದ್ದರಾಯಿತು ಎಂಬುದು ಅವನ ಲೆಕ್ಕ. ಸಂಜೆ ಗೆದ್ದುಬಂದವನಂತೆ ಬ್ರೆಡ್ಡಿನ ಪೊಟ್ಟಣ ಅಮ್ಮನ ಕೈಗಿಟ್ಟ. ಅಮ್ಮ ಮೂಸಿ ನೋಡಿ, "ಹಾಲು ಹಾಕಿದ್ದಾರಾ ಕೇಳಿದ್ರಾ?" ಎಂದಳು. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ದಾರಿಯುದ್ದಕ್ಕೂ ಶೇಂದಿಯನ್ನೇ ಧ್ಯಾನಿಸುತ್ತ ಹೋದವನಿಗೆ ಹಾಲೇ ಮರೆತುಹೋಗಿತ್ತು. ಆ ಬ್ರೆಡ್ಡು ನಮ್ಮ ಪಾಲಾಯಿತು. ಅಷ್ಟು ಮೆತ್ತಗಿನದನ್ನು ನಾನು ಅದುವರೆಗೆ ತಿಂದಿರಲಿಲ್ಲ. ಆಯಿ ಹಸಿದು ಮಲಗಿದ್ದಾಳೆ ಎಂದು ಗೊತ್ತಿದ್ದೂ ತಿಂದೆ.

ಬೆಳಗಾಗುತ್ತಲೇ ಅಪ್ಪ ಮತ್ತೆ ಹೊಳೆ ದಾಟಿದ. ಸಾಯಬರು ಎಲ್ಲ ಕೇಳಿ, "ಹಾಲಿಲ್ಲ, ಮೊಸರಿಲ್ಲ, ಶೇಂದಿ ಇಲ್ಲ. ಮತ್ತೆ ಅದು ಉಬ್ಬೂದು ಎಂತದರ ಮೇಲೆ ಗುಮಾಸ್ತರೆ?" ಎಂದು ನಕ್ಕರಂತೆ. ಆಮೇಲೆ, "ನಾ ಮಾಡಿಕೊಟ್ರೆ ನಿಮ್ಮ ಆಯಿ ತಿಂತಾರಾ?" ಎಂದು ಕೇಳಿದರಂತೆ. ಸಾಯಬರೇ ಅವನ ಪೇಚು ಅರಿತು, ತಮ್ಮ ಮನೆಯಲ್ಲಿ ಕಾಯಿಲೆಯವರಿಗೆ ಮಾಡುವ ರೀತಿ ಹೇಳಿ ಕಳಿಸಿದರು. ಬಿಸಿನೀರು, ಕೊಬ್ಬರಿಎಣ್ಣೆ, ಉಪ್ಪು ಹಾಕಿ ಹಿಟ್ಟು ಚೆನ್ನಾಗಿ ನಾದಬೇಕು. ಬೆರಳು ದಪ್ಪಕ್ಕೆ ತಟ್ಟಿ ಕಡ್ಡಿಯಿಂದ ಚುಚ್ಚಬೇಕು. ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸಬೇಕು. ಮುರಿದು ಮತ್ತೊಮ್ಮೆ ಗರಿಯಾಗುವಂತೆ ಒಣಗಿಸಬೇಕು. ಉಬ್ಬುವ ಆಸೆ ಮಾತ್ರ ಇಟ್ಟುಕೊಳ್ಳಬಾರದು.

ಮೇಲೆ ಕೆಳಗೆ ಕೆಂಡ ಇಡುವುದು ನಮಗೆ ಹೊಸದಲ್ಲ; ಹಬ್ಬಕ್ಕೆ ಸೌತೆಕಾಯಿ ಬೆಲ್ಲದ ಹಿಟ್ಟನ್ನು ಬಾಳೆಲೆ ಹಾಸಿ ಹಾಗೆಯೇ ಬೇಯಿಸುತ್ತಿದ್ದೆವು. ಆದರೆ ಅದು ಆಯಿಯ ಕೆಲಸ. ಅಮ್ಮನಿಗೆ ಕೆಂಡದ ಅಳತೆ ತಿಳಿಯದೆ ಮೊದಲನೆಯದು ಹೊರಗೆ ಕರಿಯಾಯಿತು, ಒಳಗೆ ಹಸಿಯಾಯಿತು. ಎರಡನೆಯದಕ್ಕೆ ನಾನು ಅಕ್ಕಪಕ್ಕದ ಮನೆಗಳಿಂದ ಕರಟ ಬೇಡಿ ತಂದೆ, ಕಣ್ಣಲ್ಲಿ ನೀರು ಸುರಿಯುವ ತನಕ ಊದಿದೆ. ಎಲೆಯ ಅಂಚು ಸೀಯತೊಡಗಿತು. ಆಗ ಪಕ್ಕದ ಕೋಣೆಯಿಂದ, ಎಷ್ಟೋ ದಿನದ ಮೇಲೆ, ನೆಟ್ಟಗಿನ ಒಂದು ಮಾತು ಬಂತು.

"ಎಲೆ ಸೀತಾ ಉಂಟು. ಮೂಗಿಲ್ವನೇ ನಿನಗೆ? ಕೆಳಗಿನ ಕೆಂಡ ಎಳಿ!"

ಬೈಗುಳ ಕೇಳಿ ಅಮ್ಮ ಅಷ್ಟು ಸಂತೋಷಪಟ್ಟದ್ದನ್ನು ನಾನು ಮತ್ತೆ ನೋಡಲಿಲ್ಲ. ಕೆಂಡ ಎಳೆದು, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆ ಬ್ರೆಡ್ಡಿಗೆ ಬ್ರೆಡ್ಡಿನ ಚಂದ ಒಂದೂ ಇರಲಿಲ್ಲ. ಚಪ್ಪಟೆ, ಗಟ್ಟಿ, ಕಂದು ಬಣ್ಣ. ಅಮ್ಮ ಅದನ್ನು ಶುಂಠಿ ಬೆಲ್ಲದ ಕಷಾಯದಲ್ಲಿ ನೆನೆಸಿ ಬಾಯಿಗಿಟ್ಟಳು. ಸಾಯಬರು ಹೇಳಿಕೊಟ್ಟ ರೀತಿ ಎಂಬುದನ್ನೂ ಮುಚ್ಚಿಡಲಿಲ್ಲ. ಆಯಿ ಒಂದು ಚೂರು ತಿಂದಳು, ಇನ್ನೊಂದು ತಿಂದಳು. ಆಮೇಲೆ ಅಮ್ಮನ ಕೈ ಹಿಡಿದುಕೊಂಡು, "ನಾ ಹಾಲು ಕೇಳಿದ್ನಲ್ಲ?" ಎಂದಳು. ಅಮ್ಮ ಬೆಚ್ಚಿಬಿದ್ದಳು.

"ನೆನಪುಂಟು ನನಗೆ. ಜ್ಞಾನ ಇತ್ತು. ನೀ ಕೊಟ್ಟಿದ್ರೆ ಕುಡೀತಿದ್ದೆ."

ಆಯಿ ಆ ಕೈಯನ್ನು ಬಹಳ ಹೊತ್ತು ಬಿಡಲಿಲ್ಲ.

ಆಯಿ ಎದ್ದು ಓಡಾಡಿದಳು, ಕೆಲವು ವರ್ಷ ಬದುಕಿದಳು, ಸಾರಿನ ಉಪ್ಪಿಗೆ ಮೊದಲಿನಂತೆಯೇ ಬೈದಳು. ಹಾಲು ಮುಟ್ಟಲಿಲ್ಲ. ಅವಳು ಹೋದ ವರ್ಷಾಂತಕ್ಕೆ ಅಮ್ಮ ಎಡೆಯ ಎಲೆಯಲ್ಲಿ ಆ ಗಟ್ಟಿ ಬ್ರೆಡ್ಡಿನ ಒಂದು ಚೂರು ಇಟ್ಟಳು. ಪಕ್ಕದಲ್ಲಿ ಹಿತ್ತಾಳೆ ಲೋಟದ ತುಂಬ ಬಿಸಿ ಹಾಲು ಇಟ್ಟಳು. ಹಿರಿಯರೊಬ್ಬರು, "ಕಾಶೀಲಿ ಬಿಟ್ಟದ್ದನ್ನು ಎಡೆಗೆ ಇಡ್ತಾರನೇ?" ಎಂದು ಗದರಿದರು. "ಬಿಟ್ಟದ್ದು ಜೀವ ಇರೂ ತನಕ. ಅದು ಮುಗೀತಲ್ಲ," ಎಂದಳು ಅಮ್ಮ. ಎಡೆ ಇಟ್ಟ ಮೇಲೆ ಬಾಗಿಲು ಹಾಕಿ, ಸತ್ತವರು ಬಂದು ಉಣ್ಣುವ ತನಕ ಮನೆಯವರೆಲ್ಲ ಹೊರಗೆ ನಿಲ್ಲುವುದು ನಮ್ಮಲ್ಲಿಯ ಪದ್ಧತಿ. ನಾವು ಅಂಗಳದಲ್ಲಿ ನಿಂತೆವು. ಅಮ್ಮನಿಗೆ ಮಾತ್ರ ನಿಲ್ಲಲಾಗಲಿಲ್ಲ. ಜಗಲಿಯ ಮೇಲೆ ಆಚೆ ಈಚೆ ನಡೆದಳು, ಬಾಗಿಲಿಗೆ ಕಿವಿಯಿಟ್ಟಳು, ಮತ್ತೆ ನಡೆದಳು. ಕೊನೆಗೆ ಮುಚ್ಚಿದ ಬಾಗಿಲಿಗೆ ಬಾಯಿ ಹಚ್ಚಿ ಸಣ್ಣ ದನಿಯಲ್ಲಿ ಹೇಳಿದಳು:

"ಅತ್ತೇ, ಹಾಲು ಆರ್ತದೆ. ಬಿಸಿ ಇದ್ದಾಗಲೇ ಕುಡೀರಿ."