ಇನ್ನೊಂದು ಕೋಟು

ನಮ್ಮ ಬೀದಿಯಲ್ಲಿ ‘ಇನ್ನೊಂದ್ ಕೋಟು’ ಎಂದರೆ ದರ್ಜಿಯೂ ಅಲ್ಲ, ವಕೀಲರೂ ಅಲ್ಲ. ಅಂಗಡಿಗಳಿಗೆ ಬೋರ್ಡು ಬರೆಯುವ, ನಮ್ಮ ಕೆಳಮನೆಯ ಪೇಂಟರು. ಯಾವ ಕೆಲಸ ಮುಗಿದರೂ ಒಂದು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ, “ಇನ್ನೊಂದ್ ಕೋಟು ಬೀಳ್ಬೇಕು” ಎನ್ನುವುದು ಅವರ ವಾಡಿಕೆ. ಆ ಇನ್ನೊಂದು ಕೋಟಿನ ದೆಸೆಯಿಂದ ಅವರ ಮನೆಯಲ್ಲಿ ತೆರೆಯಬೇಕಾದ ಸಾಮಾನೆಲ್ಲ ಮುಚ್ಚಿಯೇ ಇರುತ್ತದೆ. ಕಿಟಕಿ ಚೌಕಟ್ಟನ್ನು ಬಿಡುವುದಿಲ್ಲ, ಚಿಲಕ ಗೇಟನ್ನು ಬಿಡುವುದಿಲ್ಲ. ಒಂದು ಸಲ ಅಂಚೆಯವನನ್ನು ಅವರ ಜಗಲಿಯ ಬೆಂಚು ಬಿಟ್ಟಿರಲಿಲ್ಲ.

ಬೇಸಗೆ ಬಂತೆಂದು ಮೇಲ್ಮನೆಯ ನಮಗೆ ತಿಳಿಯುವುದು ಅವರ ಹೆಂಡತಿ ಕಿಟಕಿ ಬಿಡಿಸುವ ಸದ್ದಿನಿಂದ. ಹಣ್ಣು ಹೆಚ್ಚುವ ಚಾಕುವಿನಿಂದ ಕರಕರ ಎಂದು ಸಂದಿ ಕೊಯ್ಯುತ್ತಾರೆ, ಅಂಗೈಯಿಂದ ಸುತ್ತಲೂ ತಟ್ಟುತ್ತಾರೆ, ಕೊನೆಗೆ ‘ಟಪ್’ ಎನ್ನುತ್ತದೆ. ಕೂಡಲೇ ಪೇಂಟರ ದನಿ: “ಅಯ್ಯಯ್ಯೋ, ಅಂಚು ಎದ್ದೋಯ್ತಲ್ಲೇ!”

ಇಷ್ಟಾದರೂ ತಮ್ಮ ಕೈಗುಣದ ಬಗ್ಗೆ ಅವರಿಗಿರುವ ಅಭಿಮಾನಕ್ಕೆ ಎಲ್ಲೂ ಬಿರುಕು ಬಿದ್ದಿಲ್ಲ. ಊರಿನ ಬೋರ್ಡುಗಳೆಲ್ಲ ತಮ್ಮ ಶಿಷ್ಯರ ಉತ್ತರಪತ್ರಿಕೆಗಳೇನೋ ಎಂಬಂತೆ ಅವರು ರಸ್ತೆಯಲ್ಲಿ ನಡೆಯುತ್ತಾರೆ. “ಆ ‘ಔಷಧಿ’ ನೋಡಿ, ಔ ಅಕ್ಷರಕ್ಕೇ ಹೊಟ್ಟೆ ಉಬ್ಬರ. ಒಳಗಿರೋ ಮಾತ್ರೆ ಹೇಗಿರ್ಬೇಕು!”

ಆ ದಿನ ಬೆಳಿಗ್ಗೆ ಮಾತ್ರ ಅವರು ಯಾವ ಬೋರ್ಡನ್ನೂ ತಿದ್ದಲಿಲ್ಲ. ಪಕ್ಕದ ಊರಿನ ಆಸ್ಪತ್ರೆಯಲ್ಲಿ ಅವರ ಅತ್ತೆಗೆ ಹೃದಯದ ಆಪರೇಷನ್ನು. ಮುದುಕಿ ಹಟಮಾರಿ. ‘ದೊಡ್ಡ ಮಗಳ ಮುಖ ನೋಡದೆ ನಾನು ಒಳಗೆ ಹೋಗಲ್ಲ’ ಎಂದು ಹಾಸಿಗೆಯ ಕಂಬಿ ಹಿಡಿದು ಕೂತಿದ್ದರಂತೆ. ದೊಡ್ಡ ಮಗಳೆಂದರೆ ಪೇಂಟರ ಹೆಂಡತಿ. ಮಧ್ಯಾಹ್ನದೊಳಗೆ ಒಳಗೆ ಹೋಗದಿದ್ದರೆ ಆ ಸರದಿ ಬೇರೆಯವರಿಗೆ. ಮುಂದಿನ ಸರದಿಯವರೆಗೆ ಆ ಹೃದಯ ತಾಳುತ್ತದೆಂದು ಹೇಳುವ ಧೈರ್ಯ ಡಾಕ್ಟರಿಗೂ ಇರಲಿಲ್ಲ. “ಜೊತೆಗೊಂದು ಗಂಡಾಳು ಇರಲಿ, ಬನ್ನಿ” ಎಂದು ಪೇಂಟರು ನನ್ನನ್ನೂ ಹಳೆಯ ಕಾರಿನ ಹಿಂದಿನ ಸೀಟಿಗೆ ತುಂಬಿದರು. ನನ್ನನ್ನು ಗಂಡಾಳು ಎಂದು ಯಾರಾದರೂ ಕರೆದು ಬಹಳ ಕಾಲವಾಗಿತ್ತು, ಹೋದೆ.

ಅರ್ಧ ದಾರಿಯಲ್ಲಿ, ಎರಡು ಕಡೆಯೂ ಬಯಲಿರುವ ಜಾಗದಲ್ಲಿ, ಕಾರು ಕುಂಟತೊಡಗಿತು. ಹಿಂದಿನ ಎಡಚಕ್ರ ನೆಲಕ್ಕೆ ಕೂತಿತ್ತು.

“ಏನೂ ಗಾಬರಿ ಬೇಡ” ಎಂದು ಪೇಂಟರು ತೋಳು ಮಡಿಸಿದರು. “ಸ್ಟೆಪ್ನಿ ಇದೆ, ಜಾಕ್ ಇದೆ, ನಾನಿದ್ದೀನಿ.”

ಮೂರನೆಯದನ್ನು ಕೇಳಿ ಅವರ ಹೆಂಡತಿಗೆ ಗಾಬರಿ ಹೆಚ್ಚಾಯಿತು.

ನಟ್ಟುಗಳು ಸಲೀಸಾಗಿ ಬಂದವು. ಅವನ್ನು ಅಂಗೈಯಲ್ಲಿ ಹಿಡಿದುಕೊಳ್ಳುವ ಜವಾಬ್ದಾರಿ ನನ್ನದು. ಪೇಂಟರು ಚಕ್ರ ಹಿಡಿದು ಎಳೆದರು. ಬರಲಿಲ್ಲ. ಕಾಲು ಕೊಟ್ಟು ಎಳೆದರು. ಚಕ್ರದ ಬದಲು ಅವರೇ ಬಂದು ಹಿಂದೆ ಬಿದ್ದರು.

“ತುಕ್ಕು ಹಿಡಿದಿರಬೇಕು” ಎಂದೆ, ತಿಳಿದವನಂತೆ.

“ತುಕ್ಕಾ? ನನ್ನ ಕಾರಿಗಾ?” ಅವರಿಗೆ ರೇಗಿಹೋಯಿತು. “ಮಳೆಗಾಲಕ್ಕೆ ಮುಂಚೆ ನಾಲ್ಕೂ ಚಕ್ರ ಬಿಚ್ಚಿ, ಒಳಗೆ ಚಕ್ರ ಕೂರೋ ಬಿಲ್ಲೆಗೂ ಸೇರಿಸಿ ಬೆಳ್ಳಿ ಬಣ್ಣ ಹೊಡೆದಿದ್ದೀನಿ ಸ್ವಾಮಿ. ಮೊದಲನೇದು ಒಣಗಿದ ಮೇಲೆ ಇನ್ನೊಂದು...”

ಹೆಂಡತಿ ನಿಧಾನವಾಗಿ ಅವರ ಕಡೆ ತಿರುಗಿದರು.

“ಎರಡನೇದು ಒಣಗಿತ್ತೇನ್ರೀ?”

ಪೇಂಟರು ಚಕ್ರವನ್ನೇ ನೋಡುತ್ತಿದ್ದರು. “ಅವತ್ತು ಸಂಜೆ ಮಳೆ ಬರೋ ಹಾಗಿತ್ತು. ಹಾಗೇ ಏರಿಸಿಬಿಟ್ಟೆ.”

ಅಷ್ಟರಲ್ಲಿ ಹೆಂಡತಿಗೆ ಫೋನು ಬಂತು, ಆಕೆಯ ತಮ್ಮನದು. ದನಿ ನನಗೂ ಕೇಳುವಷ್ಟು ಜೋರಾಗಿತ್ತು. “ಅಕ್ಕಾ, ಎಲ್ಲಿದೀಯಾ? ಟ್ರಾಲಿ ಬಂದು ನಿಂತಿದೆ, ಅಮ್ಮ ಕಂಬಿ ಬಿಡ್ತಿಲ್ಲ. ನರ್ಸು ಬೈತಿದಾರೆ. ಉಸಿರು ಬೇರೆ ಎಳೀತಿದಾಳೆ ಕಣೇ.”

“ಬಂದೇಬಿಟ್ವಿ ಅನ್ನು.” ಆಕೆ ಫೋನಿಟ್ಟು ರಸ್ತೆಯ ಎರಡೂ ಕಡೆ ನೋಡಿದರು.

ಒಂದು ಲಾರಿ ಬಂತು. ನಾನು ರಸ್ತೆಗಿಳಿದು ಕೈ ಬೀಸಿದೆ. ಡ್ರೈವರು ಸ್ನೇಹದಿಂದ ತಾನೂ ಕೈ ಬೀಸಿ ಹೋದ.

ಪೇಂಟರ ಮುಖದಲ್ಲಿ ಬಣ್ಣವೇ ಉಳಿದಿರಲಿಲ್ಲ. ಎದ್ದವರೇ ಚಕ್ರಕ್ಕೆ ಒದೆಯತೊಡಗಿದರು. ಒಂದೊಂದು ಒದೆತಕ್ಕೂ ಜಾಕಿನ ಮೇಲೆ ಕಾರು ತೊನೆಯಿತು. ಜಾಕು ಒಂದಿಷ್ಟು ವಾಲಿದ್ದನ್ನು ನಾನು ಕಂಡೆ.

“ನಿಲ್ಸ್ರೀ!” ಹೆಂಡತಿ ಅವರ ಅಂಗಿ ಹಿಡಿದು ಹಿಂದಕ್ಕೆಳೆದರು. “ಕಾರು ಬಿದ್ದು ನಿಮ್ಮ ಕಾಲು ಹೋದ್ರೆ ಯಾರನ್ನ ನೋಡ್ಲಿ ನಾನು, ಅಮ್ಮನ್ನಾ, ನಿಮ್ಮನ್ನಾ?”

“ಮತ್ತೇನ್ ಮಾಡ್ಲೇ? ನಿಮ್ಮಮ್ಮ ಅಲ್ಲಿ...”

ಆಕೆ ಚೀಲಕ್ಕೆ ಕೈ ಹಾಕಿ ಚಾಕು ತೆಗೆದರು. ಒಂದು ಗಳಿಗೆ ನನಗೆ ಪೇಂಟರ ಬಗ್ಗೆ ಭಯವಾಯಿತು. ಅದು ಅಮ್ಮನಿಗೆ ಹಣ್ಣು ಹೆಚ್ಚಿ ಕೊಡಲೆಂದು ತಂದ ಚಾಕು.

“ಇದೂ ನಮ್ಮ ಮಲಗೋ ಕೋಣೆ ಕಿಟಕಿ ಅಂದ್ಕೊಳ್ಳಿ. ಒಂದೇ ಕಡೆ ಗುದ್ದಿದ್ರೆ ಅದು ಯಾವತ್ತಾದ್ರೂ ಬಂದಿದ್ಯಾ? ಸಂದಿ ಕೊಯ್ದು, ಸುತ್ತ ಅಲ್ಲಾಡಿಸ್ಬೇಕು.”

ಚಕ್ರದ ನಡುವಿನ ತೂತು ಒಳಗಿನ ಬಿಲ್ಲೆಯನ್ನು ಕಚ್ಚಿಕೊಂಡಿದ್ದ ಕಡೆ ಚಾಕುವಿನ ತುದಿ ಇಟ್ಟು ಸುತ್ತಲೂ ಎಳೆದರು. ಬೆಳ್ಳಿಯ ಸಿಪ್ಪೆ ಸುರುಳಿಯಾಗಿ ಬಂತು. ಈಗ ಪೇಂಟರಿಗೂ ಬುದ್ಧಿ ಓಡಿತು. “ಅಲ್ಲಾಡಿಸೋದಾದ್ರೆ ಜಾಕಿನ ಮೇಲೆ ಬೇಡ, ನೆಲದ ಮೇಲೆ. ನಟ್ಟು ಕೊಡಿ!” ಎಂದು ನನ್ನಿಂದ ಇಸಿದುಕೊಂಡು, ಚಕ್ರ ಕಳಚಿ ಬೀಳದಷ್ಟು ಮಾತ್ರ ಸಡಿಲವಾಗಿ ತಿರುಗಿಸಿ, ಕಾರನ್ನು ಇಳಿಸಿದರು. ನಾನೂ ಅವರೂ ಹಿಂದಿನಿಂದ, ಆಕೆ ಮುಂದಿನಿಂದ. ತಳ್ಳಿ, ಬಿಟ್ಟು, ಮತ್ತೆ ತಳ್ಳಿ. ಕಾರು ತೊಟ್ಟಿಲಿನಂತೆ ತೂಗಿತು. ಏನೂ ಆಗಲಿಲ್ಲ. ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು; ಯಾರೂ ಎತ್ತಲಿಲ್ಲ.

‘ಟಪ್.’

“ಬಿಡ್ತು” ಎಂದರು ಆಕೆ. ಆ ಸದ್ದಿನ ವಿಚಾರದಲ್ಲಿ ಅವರ ಮಾತಿಗೆ ಎದುರಿಲ್ಲ. ಅಂಚು ಎದ್ದುಹೋಯಿತೆಂದು ಪೇಂಟರೂ ಹೇಳಲಿಲ್ಲ.

ಸ್ಟೆಪ್ನಿ ಏರಿಸಿಕೊಂಡು ಆಸ್ಪತ್ರೆ ತಲುಪಿದಾಗ ಮುದುಕಿ ಇನ್ನೂ ಕಂಬಿ ಹಿಡಿದೇ ಇದ್ದರು. ಮಗಳ ಮುಖ ನೋಡಿದರು, ಕೆನ್ನೆ ಸವರಿದರು; ಆಮೇಲೆ ಅಳಿಯನ ಕೈಗೆ ಮೆತ್ತಿದ್ದ ಬೆಳ್ಳಿ ಚೂರು ಕಣ್ಣಿಗೆ ಬಿತ್ತು. “ನನ್ನೆದೆ ಒಳಗೆ ಬಣ್ಣ ಹೊಡಿಯೋಕೆ ಈ ಮಹರಾಯರನ್ನ ಮಾತ್ರ ಬಿಡ್ಬೇಡಿ, ಡಾಕ್ಟ್ರೇ. ಮುಚ್ಕೊಂಡ್ರೆ ಮತ್ತೆ ತೆಗೆಯೋಕೆ ಬರಲ್ಲ” ಎಂದು ಕಂಬಿ ಬಿಟ್ಟರು. ಟ್ರಾಲಿ ಒಳಗೆ ಹೋಯಿತು.

ನಾವು ಬಾಗಿಲೆದುರಿನ ಬೆಂಚಿನ ಮೇಲೆ ಕೂತೆವು. ಬಾಗಿಲ ಮೇಲೆ ದಪ್ಪ ಅಕ್ಷರದಲ್ಲಿ ‘ಶಾಸ್ತ್ರಚಿಕಿತ್ಸಾ ಕೊಠಡಿ’ ಎಂದು ಬರೆದಿತ್ತು. ನಾನು ನೋಡಿದೆ, ಪೇಂಟರ ಕಡೆ ತಿರುಗಿದೆ. ಅವರ ಕಣ್ಣು ನೇರ ಆ ಬೋರ್ಡಿನ ಮೇಲೇ ಇತ್ತು. ಆದರೆ ಅವರು ಏನನ್ನೂ ಓದುತ್ತಿರಲಿಲ್ಲ. ಉಗುರಿನಿಂದ ಕೈಯ ಬಣ್ಣ ಕೆರೆಯುತ್ತಾ ಕೂತಿದ್ದರು. ಅವರು ಹಾಗೆ ಕೂತಿದ್ದಷ್ಟು ಹೊತ್ತೂ ನನಗೆ ಹೆದರಿಕೆಯಾಗುತ್ತಿತ್ತು.

ಬಿಸಿಲು ಕಿಟಕಿಯಿಂದ ಇಳಿದು ಗೋಡೆ ಹತ್ತಿದ ಮೇಲೆ ಬಾಗಿಲು ತೆರೆಯಿತು. ಡಾಕ್ಟರು ಮುಖದ ಬಟ್ಟೆ ಇಳಿಸಿ, “ಗಟ್ಟಿ ಜೀವ. ಚೆನ್ನಾಗಿದ್ದಾರೆ” ಎಂದರು.

ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ಪೇಂಟರು ಎದ್ದು ನಿಂತು ಡಾಕ್ಟರಿಗೆ ಕೈ ಮುಗಿದರು. ಹಾಗೇ ತಲೆ ಎತ್ತಿದರು. ಒಂದು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿದರು.

“ಡಾಕ್ಟ್ರೇ, ತಪ್ಪು ತಿಳೀಬೇಡಿ. ‘ಶ’ಕ್ಕೆ ಆ ದೀರ್ಘ ಯಾಕೆ?”

ಸೆರಗಿನ ಹಿಂದಿನಿಂದ ಆ ದಿನದ ಮೊದಲ ನಗು ಕೇಳಿಸಿತು.