ಹನುಮಪ್ಪನಿಗೆ ಬಿಟ್ಟ ಶೇಂಗಾ

ಅಕ್ಕನ ಹುಬ್ಬಿನ ಮೇಲೆ ಯಾವಾಗಲೂ ಒಂದೆರಡು ಕೆಂಪು ಸಿಪ್ಪೆ ಕೂತಿರುತ್ತಿದ್ದವು. ಹುರಿದ ಶೇಂಗಾ ಅಂಗೈಯಲ್ಲಿ ತಿಕ್ಕಿ, ಮೊರಕ್ಕೆ ಹಾಕಿ, ಬಾಯಿಂದ ಊದುವಳು. ಸಿಪ್ಪೆ ಹಾರಿ ಅವಳ ಮುಖಕ್ಕೇ ಬಡಿಯುತ್ತಿತ್ತು. ಗಾಳಿಗೆ ಬೆನ್ನು ಮಾಡಿ ಕೂಡು ಎಂದರೆ, "ಮೂವತ್ತ ವರ್ಷದಿಂದ ಹಿಂಗ ಕುಂತೇನಿ, ಈಗ ನಿನ್ನ ಕೇಳಿ ತಿರಗಬೇಕೇನು?" ಎನ್ನುವಳು. ಯಾರ ಮಾತನ್ನಾದರೂ ಕೇಳಿದರೆ ಅವಳು ಅಕ್ಕ ಹೇಗಾದಾಳು!

ಗೋಕಾಕದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ. ಒಡಹುಟ್ಟಿದವಳಲ್ಲ, ಉಣ್ಣಲು ಬಂದವರಿಗೆಲ್ಲ ಅವಳು ಅಕ್ಕನೇ. ನಾನು ಕುಲಗೋಡದ ಗೌಂಡಿ. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಆದರೆ ನಾನು ಕಟ್ಟಿದ ಗೋಡೆಗೆ ಓಳಂಬದ ದಾರ ಇಳಿಬಿಟ್ಟು ನೋಡಿ, ಕೂದಲೆಳೆಯಷ್ಟು ವಾಲಿದ್ದರೆ ಬಂದು ಹೇಳಿ. ಹನ್ನೆರಡು ವರ್ಷ ನನ್ನ ಮಧ್ಯಾಹ್ನದ ಊಟ ಅಕ್ಕನ ಹತ್ತಿರವೇ.

ನನಗಿದ್ದ ಐಬು ಒಂದೇ. ಶೇಂಗಾ ಒಂದು ಕಾಳು ತಿಂದರೂ ತುಟಿ ಊದಿ, ಗಂಟಲು ಕೆರೆದು, ಮೈತುಂಬ ದದ್ದು ಏಳುತ್ತಿದ್ದವು. ನಮ್ಮ ಸೀಮೆಯಲ್ಲಿ ಇದಕ್ಕಿಂತ ಕೆಟ್ಟ ರೋಗ ಯಾವುದಿದೆ? ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ, ಪಲ್ಯಕ್ಕೆ ಶೇಂಗಾ ಪುಡಿ, ಹಬ್ಬಕ್ಕೆ ಶೇಂಗಾ ಹೋಳಿಗೆ. ಸಿಮೆಂಟಿನ ಚೀಲ ಹೆಗಲ ಮೇಲೆ ಹೊತ್ತು ಮೂರನೇ ಮಜಲಿಗೆ ಏರುವ ಗಂಡಸು ಒಂದು ಕಾಳಿಗೆ ಅಂಜುತ್ತೇನೆ ಎಂದು ಯಾವ ಬಾಯಿಂದ ಹೇಳಲಿ? ಅದಕ್ಕೇ, "ಶೇಂಗಾ ಹನುಮಪ್ಪಗ ಬಿಟ್ಟೇನಿ" ಎನ್ನುತ್ತಿದ್ದೆ. ಹರಕೆ ಎಂದರೆ ಯಾರೂ ಎರಡನೆಯ ಮಾತಾಡುವುದಿಲ್ಲ. ಮೇಲೆ ಮರ್ಯಾದೆ ಬೇರೆ.

ಆ ಎರಡನೆಯ ಮಾತು ಆಡುವವಳು ಅಕ್ಕ ಒಬ್ಬಳೇ. "ಹನುಮಪ್ಪಗ ನಿನ್ನ ಶೇಂಗಾನ ಬೇಕಾಗಿತ್ತೇನೋ? ಬಾಳಿಹಣ್ಣು ಸಾಲಲಿಲ್ಲೇನು ಅವಗ?"

"ದೇವರ ಮಾತು, ಬಿಡ ಅಕ್ಕಾ."

"ಏನ ಬೇಡಕೊಂಡಿದ್ದಿ? ಮದವಿ ಆತು, ಎರಡ ಮಕ್ಕಳಾದುವು. ಇನ್ನ ಎಂದ ತೀರತೈತಿ ಅದು?"

ದಿನವೂ ಇದೇ. ತಾಟು ಇಟ್ಟು, ಸೊಂಟಕ್ಕೆ ಕೈಯಿಟ್ಟು, "ಬರೇ ಝುಣಕ ತಿಂದ ಕಲ್ಲ ಹೊರತಾನ ನೋಡ್ರಿ, ನನ್ನ ಹೊಟ್ಟಿ ಉರೀತೈತಿ" ಎಂದು ಊರಿಗೆಲ್ಲ ಸಾರುವಳು.

ಒಂದು ಶನಿವಾರ ತಾಟಿನಲ್ಲಿ ತುಂಬಗಾಯಿ ಬದನೆಕಾಯಿ ಇತ್ತು. ಬೈದರೂ ಹನ್ನೆರಡು ವರ್ಷ ಹರಕೆ ಕಾದವಳು ಎಂಬ ನಂಬಿಕೆಯಲ್ಲಿ ಕೇಳದೆ ಉಂಡೆ. ಎರಡನೆಯ ತುತ್ತಿಗೆ ನಾಲಿಗೆ ಚುಚ್ಚಿತು.

"ಅಕ್ಕಾ, ಇದರಾಗ ಏನ ಹಾಕೀದಿ?"

"ಶೇಂಗಾ!" ಅವಳ ಮುಖ ಹಬ್ಬದಂತಿತ್ತು. "ಮುಂಜಾನೆ ಗುಡಿಗೆ ಹೋಗಿ, ಕಾಯಿ ಒಡಿಸಿ, ನಿನ್ನ ಹರಕಿ ನಾ ಬಿಡಿಸಿಕೊಂಡ ಬಂದೇನಿ. ಪೂಜಾರಿನ್ನೂ ಕೇಳೇನಿ, ನಡೀತೈತಿ ಅಂದಾನ. ಇನ್ನ ಹೊಟ್ಟಿ ತುಂಬ ಉಣ್ಣೋ ತಮ್ಮಾ!"

ನನಗೆ ದನಿ ಹೊರಡಲಿಲ್ಲ. ಕಣ್ಣಲ್ಲಿ ನೀರು ಸುರಿಯಿತು. "ಅದಕ್ಯಾಕ ಅಳತಿ, ಹುಚ್ಚಪ್ಪಾ" ಎಂದಳು. ಆಮೇಲೆ ನನ್ನ ತುಟಿ ನೋಡಿದಳು.

ಒಲೆಯ ಮೇಲಿನ ಎಣ್ಣೆ ಒಲೆಯ ಮೇಲೇ ಬಿಟ್ಟು, ಬರಿಗಾಲಲ್ಲಿ ನನ್ನನ್ನು ಆಟೋದೊಳಗೆ ಎಳೆದುಹಾಕಿದಳು. ದಾರಿಯುದ್ದಕ್ಕೂ ಆಟೋದವನ ಬೆನ್ನಿಗೆ ಗುದ್ದುತ್ತಲೇ ಇದ್ದಳಂತೆ. ಇಂಜೆಕ್ಷನ್ ಮಾಡಿ, ನನಗೆ ಉಸಿರು ತಿರುಗಿದ ಮೇಲೆ ಡಾಕ್ಟರು ಹೇಳಿದರು: "ಇದು ಅಲರ್ಜಿ. ಇನ್ನೊಂದ ಸ್ವಲ್ಪ ತಡಾ ಆಗಿದ್ದರ ಕೈ ಮೀರತಿತ್ತು. ಕಾಳು, ಪುಡಿ, ಹಿಂಡಿ ಯಾವದೂ ಬ್ಯಾಡ. ಶೇಂಗಾ ಕುಟ್ಟಿದ ಕಲ್ಲಿನಾಗ ಬ್ಯಾರೇದ ಕುಟ್ಟಿದರೂ ಬ್ಯಾಡ. ಊಟಾ ಹಾಕಾವರಿಗೆ ಹೇಳಿರಲಿಲ್ಲೇನು?"

ನಾನು ಗೋಡೆ ನೋಡಿದೆ. ಸಿಮೆಂಟಿನ ಗಿಲಾವು ಸರಿ ಇರಲಿಲ್ಲ.

ಅಕ್ಕ ಹಣೆ ಹಣೆ ಬಡಿದುಕೊಂಡಳು. "ಸುಳ್ಳಬುರಕಾ! ಹರಕಿ ಅಂದೆಲ್ಲೋ! ನನ್ನ ಕೈತುತ್ತಿಗೆ ನೀ ಸತ್ತಿದ್ದರ ನಿನ್ನ ಹೇಣ್ತಿ ಮುಂದ ನಾ ಹೆಂಗ ನಿಂದರಬೇಕಿತ್ತೋ?"

ಅಲ್ಲಿಗೆ ಮುಗಿಯಿತು ಎಂದುಕೊಂಡರೆ ನನ್ನ ಗ್ರಹಚಾರ ಅಲ್ಲಿಂದಲೇ ಸುರುವಾಯಿತು. ನನಗೆಂದೇ ಬೇರೆ ಕುಟ್ಟುವ ಕಲ್ಲು, ಬೇರೆ ಬೋಗುಣಿ ತಂದಿಟ್ಟಳು. ಅದು ಸರಿ. ಆದರೆ ನಾನು ಹೊಸ್ತಿಲಲ್ಲಿ ಕಾಲಿಟ್ಟರೆ ಸಾಕು, "ಅಲರ್ಜಿ ಬಂದ! ಶೇಂಗಾದ ಕೈ ಇದ್ದಾವ್ರು ತೊಳಕೋರಿ!" ಎಂದು ಕೂಗು. ವಕೀಲರು, ಮಾಸ್ತರರು ಎಲ್ಲ ತಿರುಗಿ ನೋಡುವರು. ಗೌಂಡಿ ಎಂಬ ಹೆಸರೇ ಅಳಿಸಿಹೋಯಿತು. ಸಿಟ್ಟಿಗೆದ್ದು ಎರಡು ದಿನ ಬೇರೆ ಖಾನಾವಳಿಗೆ ಹೋದೆ. ಅಲ್ಲಿಗೂ ಬಂದು, ನನ್ನೆದುರೇ ಅವರಿಗೆಲ್ಲ ಹೇಳಿ ಹೋದಳು. "ನಾಚಿಕಿ ಬರತೈತಿ ಅಕ್ಕಾ" ಎಂದು ಹಲ್ಲು ಕಡಿದೆ. "ನಾಚಿಕಿ ಆದಾವ್ರು ಮನಿಗೆ ಹೋಗತಾರ. ಉಸರ ನಿಂತಾವ್ರು?" ಎಂದಳು. ಮರುದಿನ ಮತ್ತೆ ಅವಳ ತಾಟಿಗೇ ಹೋಗಿ ಕೂತೆ.

ಹೋದ ವರ್ಷ ಎದೆನೋವು ಬಂದು ಅಕ್ಕ ತೀರಿಕೊಂಡಳು. ಅವಳ ತಿಥಿಯ ದಿನದ ಊಟಕ್ಕೆ ಹೋದೆ. ಬಡಿಸುವವರು ಹುಕ್ಕೇರಿ ಕಡೆಯ ಬೀಗರು, ನನ್ನನ್ನು ಅರಿಯದವರು. ಒಬ್ಬ ಶೇಂಗಾ ಹಿಂಡಿಯ ಬೋಗುಣಿ ಹಿಡಿದು ಸಾಲಿನಲ್ಲಿ ಬಂದ. ಒಳಗಿನಿಂದ ಕೂಗು ಬರುತ್ತದೆಂದು ಕಾದೆನೋ ಏನೋ. ಬರಲಿಲ್ಲ. ಚಮಚ ತಾಟಿನ ಮೇಲೆ ಬಂದೇಬಿಟ್ಟಿತು.

"ಬ್ಯಾಡ!" ಎಂದೆ. ಇಡೀ ಸಾಲು ತಿರುಗಿತು.

ಬಾಜೂದ ಹಿರಿಯರು ಕೇಳಿದರು, "ಯಾಕ್ರಿ, ದೇವರಿಗೆ ಬಿಟ್ಟೀರೇನು?"

"ಇಲ್ರಿ" ಎಂದೆ, ಕಡೆಯ ತಾಟಿನವರಿಗೂ ಕೇಳುವಂತೆ. "ನನಗ ಅಲರ್ಜಿ ಐತಿ."